ಹೆಂಡತಿಯೇ ಕಫೀಲ್!

“ಅಮೆರಿಕದಲ್ಲಿ ನಿಮ್ಮ ಕಫೀಲ್ ಯಾರು ಮಾರಾಯ್ರೆ?” ಎಂದು ಅಣ್ಣನ ಸಹೋದ್ಯೋಗಿ ಹಮೀದಾಕ ಕೇಳಿದರು. “ನನ್ನ ಹೆಂಡತಿ” ಎಂದೆ. ಕತಾರಿನ ಅಲ್ ಖೋರ್‌ನಲ್ಲಿದ್ದ ಅಣ್ಣನ ಕೋಣೆಯಲ್ಲಿ ಬಿರಿಯಾನಿ ತಿನ್ನುತ್ತಿದ್ದವರ ಕೈಯೆಲ್ಲ ತಟ್ಟೆಯಲ್ಲೇ ನಿಂತಿತು.

ಅಲ್ಲಿ ಕಫೀಲ್ ಎಂದರೆ ಹೊರದೇಶದಿಂದ ದುಡಿಯಲು ಬಂದವರಿಗೆ ಜಾಮೀನು ನಿಂತ ಯಜಮಾನ. ಆಗೆಲ್ಲ ಅವನ ಸಹಿಯಿಲ್ಲದೆ ಊರಿಗೂ ಹೊರಡುವಂತಿರಲಿಲ್ಲ. ಆಪರೇಷನ್ ಆಗಿದ್ದ ಅಣ್ಣನನ್ನು ನೋಡಲು ಬಂದಿದ್ದ ನಾನು ನನ್ನ ಪಾಡು ವಿವರಿಸಿದೆ. ಹೆಂಡತಿ ಅಮೆರಿಕದ ಪ್ರಜೆ. ನನ್ನ ಗ್ರೀನ್ ಕಾರ್ಡಿಗೆ ಜಾಮೀನು ನಿಂತವಳೂ ಅವಳೇ. ಅರ್ಜಿ ಇತ್ಯರ್ಥವಾಗುವ ಮೊದಲು ದೇಶ ಬಿಡಬೇಕಾದರೆ ಸರ್ಕಾರದ ಅನುಮತಿ ಪತ್ರ ಬೇಕು. ಅದಿಲ್ಲದೆ ಹೊರಟರೆ ಅರ್ಜಿ ಖಲಾಸ್.

“ನಡುವೆ ಜಗಳ ಆದ್ರೆ?” ಎಂದರು ಹಮೀದಾಕ.

“ಆಗ ನಾನೇ ಖಲಾಸ್.”

ಅಷ್ಟರಲ್ಲಿ ನನ್ನ ಮೊಬೈಲ್ ಹೊಡೆದುಕೊಂಡಿತು. ಅವಳೇ! “ಶ್, ಕಫೀಲ್ ಫೋನು!” ಎಂದು ಎಲ್ಲರನ್ನೂ ಸುಮ್ಮನಾಗಿಸಿದ ಹಮೀದಾಕ, ಸದ್ದು ಮಾಡುತ್ತಿದ್ದ ಎ.ಸಿ.ಯನ್ನೂ ಆರಿಸಿದರು. ಆ ಸೆಕೆಯಲ್ಲಿ ಎಲ್ಲರೂ ಬೆವರುತ್ತ ಕೂತರು. ನಾನು ಹೂಂ, ಹೂಂ ಎನ್ನುತ್ತಲೇ ಇದ್ದೆ.

ಹೊರಡುವ ದಿನ ಅವರೆಲ್ಲ ಸೇರಿ ಸೂಕ್ ವಾಕಿಫ್ ಮಾರುಕಟ್ಟೆಯಿಂದ ತಂದ ಅತ್ತರಿನ ಬಾಟಲಿಯನ್ನು ನನ್ನ ಕೈಗಿಟ್ಟರು. “ರಜೆ ಮುಗಿಸಿ ಕಫೀಲ್ ಹತ್ರ ಕೈ ಬೀಸಿಕೊಂಡು ಹೋಗುವುದಾ?” ಎಂದು ಹಮೀದಾಕ ಗದರಿದರು.

ಗ್ರೀನ್ ಕಾರ್ಡ್ ಬಂದು ಎಷ್ಟೋ ಕಾಲವಾಯಿತು. ಅತ್ತರೂ ಮುಗಿಯಿತು. ಆದರೆ ಈ ಕಥೆಯನ್ನು ಹೆಂಡತಿಗೆ ಹೇಳಿದ್ದೇ ತಪ್ಪಾಯಿತು. ಎಲ್ಲಿಗೆ ಹೋಗಿ ಬಂದರೂ ಬಾಗಿಲು ತೆರೆದವಳು ಮೊದಲು ನನ್ನ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ.