ಕೃಷ್ಣಾಜಿನದ ಕೈಗವಸು

ಹೋದ ಚೈತ್ರದಲ್ಲಿ ನೆಂಟರ ಮನೆಯ ಉಪನಯನವೊಂದಕ್ಕೆ ಹೋಗಿದ್ದೆ. ವಟುವಿನ ಜನಿವಾರಕ್ಕೆ ಕಟ್ಟುವ ಕೃಷ್ಣಾಜಿನದ ತುಣುಕಿಗಾಗಿ ಪುರೋಹಿತರು ತಮ್ಮ ಹಳೆಯ ಬಟ್ಟೆಗಂಟನ್ನು ಬಿಚ್ಚಿದಾಗ, ಕರ್ಪೂರವೂ ಧೂಳೂ ಬೆರೆತ ಒಣಚರ್ಮದ ವಾಸನೆಯೊಂದು ಹೋಮದ ಹೊಗೆಯನ್ನು ದಾಟಿ ನಾನು ಕುಳಿತಲ್ಲಿಗೆ ಬಂದಿತು. ಎಪ್ಪತ್ತು ದಾಟಿದವನಿಗೆ ವಾಸನೆಗಳು ಬರಬರುತ್ತ ಮಂಕಾಗುತ್ತವೆ. ಇದೊಂದು ಮಾತ್ರ ಹಾಗಾಗಿರಲಿಲ್ಲ. ಮಂತ್ರ ನಡೆಯುತ್ತಿದ್ದಂತೆಯೇ ನನ್ನ ಎಡಗೈ ತಾನಾಗಿ ಅರ್ಧ ಮುಚ್ಚಿಕೊಂಡಿತು, ಚೆಂಡೊಂದಕ್ಕಾಗಿ ಕಾದಿರುವಂತೆ. ಪಕ್ಕದಲ್ಲಿದ್ದವರು ಕೈ ಸೆಳೆಯುತ್ತಿದೆಯೇ ಎಂದು ಕೇಳಿದರು. ಹೌದೆಂದೆ. ಅದನ್ನೆಲ್ಲ ವಿವರಿಸುವ ತ್ರಾಣ ನನಗಿರಲಿಲ್ಲ.

ಅರವತ್ತರ ದಶಕದಲ್ಲಿ ನಾನು ಹೊಸನಗರದಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದೆ. ದೊಡ್ಡಪ್ಪ ಅದೇ ಶಾಲೆಯ ಸಂಸ್ಕೃತ ಪಂಡಿತರು. ಮಕ್ಕಳಿಲ್ಲದ ಆ ದಂಪತಿಗಳ ಪೇಟೆಯಂಚಿನ ಬಾಡಿಗೆ ಮನೆಯಲ್ಲಿ ದಿನವು ಸಂಧ್ಯಾವಂದನೆಯಿಂದ ತೊಡಗಿ ಸಂಧ್ಯಾವಂದನೆಯಲ್ಲೇ ಮುಗಿಯುತ್ತಿತ್ತು. ಆ ವರ್ಷ ರೈತರಿಗೆ ಕೋಳಿ ಸಾಕಣೆ ಕಲಿಸಲೆಂದು ಅಮೆರಿಕದಿಂದ ಒಬ್ಬ ತರುಣ ನಮ್ಮೂರಿಗೆ ಬಂದ. ಊರವರು ಅವನ ಹೆಸರಿನ ಗೋಜಿಗೆ ಹೋಗದೆ ಕೋಳಿ ಸಾಹೇಬ ಎಂದು ಕರೆದರು. ಅವನೂ ಆ ಹೆಸರಿಗೆ ಓಗೊಡುವುದನ್ನು ಕಲಿತ. ಸಂಜೆಯ ಹೊತ್ತು ಕೆಲಸವಿಲ್ಲದಾಗ ಆತ ಶಾಲೆಯ ಬಯಲಿಗೆ ಬಂದು, ಮರಳು ತುಂಬಿದ ಮೂರು ಚೀಲಗಳನ್ನು ಮೂರು ಮೂಲೆಗೆ ಇಟ್ಟು, ನಾಲ್ಕನೆಯ ಮೂಲೆಗೆ ಒಂದು ಹಲಗೆಯನ್ನು ಹುಗಿದು, ಅದನ್ನು ‘ಮನೆ’ ಎಂದು ತೋರಿಸಿ, ನಮಗೆ ಬೇಸ್‌ಬಾಲ್ ಕಲಿಸತೊಡಗಿದ. ಮನೆಯಲ್ಲಿ ನಿಂತು ಚೆಂಡನ್ನು ಹೊಡೆದವನು ಮೂರು ಚೀಲಗಳನ್ನೂ ಮುಟ್ಟಿ ಮರಳಿ ಮನೆ ಸೇರಿದರೆ ಒಂದು ಓಟ. ಅವನು ತಂದಿದ್ದ ಚರ್ಮದ ಚೆಂಡುಗಳು ಮೊದಲ ತಿಂಗಳೇ ಕೆರೆಯ ಪಾಲಾದವು. ಆಮೇಲೆ ಹುರಿಯನ್ನು ಬಿಗಿಯಾಗಿ ಸುತ್ತಿ, ಮೇಲೆ ದಪ್ಪ ಬಟ್ಟೆ ಹೊಲಿದು ಮಾಡಿದ ಚೆಂಡೇ ಗತಿಯಾಯಿತು. ಅದು ಕಲ್ಲಿಗಿಂತ ಸ್ವಲ್ಪವೇ ಮೆತ್ತಗಿತ್ತು.

ನನ್ನನ್ನು ಅವನು ಮೂರನೆಯ ಚೀಲದ ಬಳಿ ನಿಲ್ಲಿಸಿದ. ಆ ಜಾಗದ ಕಷ್ಟ ನಿಂತವನಿಗೇ ಗೊತ್ತು. ಬಲಗೈಯ ಹೊಡೆತಗಾರನು ಬಲವಾಗಿ ಬೀಸಿದ ಚೆಂಡು ಬಹುಮಟ್ಟಿಗೆ ಅತ್ತಲೇ ಬರುತ್ತದೆ. ಬಂತೆಂದು ಕಣ್ಣು ತಿಳಿಯುವ ಮೊದಲೇ ಎದೆಯ ಮುಂದಿರುತ್ತದೆ. ಹಿಡಿದ ಮೇಲೂ ಬಿಡುವಿಲ್ಲ, ಹೊಡೆದವನು ಓಡಿ ಮುಟ್ಟುವ ಮೊದಲೇ ಬಯಲಿನ ಉದ್ದಕ್ಕೂ ಮೊದಲನೆಯ ಚೀಲದವರೆಗೆ ಎಸೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಎದುರಾಳಿಯು ಮೂರನೆಯ ಚೀಲವನ್ನು ಮುಟ್ಟಿದನೆಂದರೆ ಅವನಿಗೂ ಮನೆಗೂ ನಡುವೆ ಇನ್ನು ಒಂದೇ ಓಟ. “ಯೋಚನೆ ಬೇಡ. ಚೆಂಡು ನಿನ್ನ ಮುಂದೆ ಬೀಳಲಿ, ಅಷ್ಟು ಸಾಕು” ಎಂದು ಸಾಹೇಬ ತನ್ನ ಮುರುಕು ಕನ್ನಡದಲ್ಲಿ ಹೇಳುತ್ತಿದ್ದ. ಇದನ್ನು ಮನೆಯಲ್ಲಿ ವಿವರಿಸಿದಾಗ ದೊಡ್ಡಪ್ಪ ಜಪಮಣಿಯನ್ನು ಕೆಳಗಿಟ್ಟು ಗಂಭೀರವಾಗಿ ಕೇಳಿಸಿಕೊಂಡರು. ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಆಮೇಲೆ ಬಂದಲ್ಲಿಗೇ ಮರಳುವುದು, ಆಟ ಶಾಸ್ತ್ರೋಕ್ತವಾಗಿಯೇ ಇದೆಯಲ್ಲ ಎಂದು ನಕ್ಕರು. ಕೊನೆಗೆ ಒಂದೇ ಕಟ್ಟಳೆ ಹೇಳಿದರು: “ಅಡ್ಡಿಲ್ಲೆ, ಆಡು. ಆ ದನದ ಚರ್ಮದ ಗವಸು ಮಾತ್ರ ಮುಟ್ಟಡ.”

ಸಾಹೇಬನ ಬಳಿ ಇದ್ದ ಕೈಗವಸುಗಳು ಎರಡೇ, ಎರಡೂ ಗೋವಿನ ಚರ್ಮದವು. ಆದ್ದರಿಂದ ನಾನು ಬರಿಗೈಯಲ್ಲಿ ನಿಂತೆ. ಹದಿನೈದು ದಿನಗಳಲ್ಲಿ ಎಡ ಅಂಗೈ ಊದಿ ನೀಲಿಯಾಯಿತು. ಒಂದು ಸಂಜೆ ಅರ್ಘ್ಯ ಬಿಡಲು ಎರಡು ಕೈ ಜೋಡಿಸಿದಾಗ ಬೊಗಸೆ ಕೂಡಲಿಲ್ಲ, ನೀರು ನಡುವಿನಿಂದಲೇ ಸೋರಿಹೋಯಿತು. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಅದನ್ನು ಕಂಡರು. “ಈ ಕೈಯಲ್ಲಿ ಎಂತ ಅರ್ಘ್ಯ ಬಿಡ್ತೆ? ತೋರ್ಸು ಇಲ್ಲಿ” ಎಂದು ಕೈಯನ್ನು ಹಿಡಿದುಕೊಂಡವರು ಬಹಳ ಹೊತ್ತು ಬಿಡಲಿಲ್ಲ. ಮಾರನೆಯ ಮಧ್ಯಾಹ್ನ ದೇವರ ಕೋಣೆಯ ಮರದ ಪೆಟ್ಟಿಗೆಯಿಂದ, ದೊಡ್ಡಪ್ಪನ ತಂದೆಯವರು ಜಪಕ್ಕೆ ಕೂರುತ್ತಿದ್ದ ಕೃಷ್ಣಾಜಿನವನ್ನು ತೆಗೆದರು. ಅದು ವರ್ಷಕ್ಕೊಮ್ಮೆ, ಅವರ ಶ್ರಾದ್ಧದ ದಿನ ಮಾತ್ರ, ಹೊರಗೆ ಬರುತ್ತಿದ್ದ ವಸ್ತು. “ಇದು ಹುಲ್ಲೆ ಚರ್ಮ, ಮೈಲಿಗೆ ಇಲ್ಲೆ” ಎಂದಷ್ಟೇ ಹೇಳಿ, ಹುಳು ಹಿಡಿದ ಒಂದು ಮಗ್ಗುಲನ್ನು ಕತ್ತರಿಸಿ, ನನ್ನ ಅಂಗೈಯನ್ನು ಅದರ ಮೇಲಿಟ್ಟು ಇದ್ದಿಲಿನಿಂದ ಗೆರೆ ಎಳೆದರು. ಒಳಗೆ ಬೂರುಗದ ಹತ್ತಿ ತುಂಬಿ, ದಬ್ಬಣದಿಂದ ಹೊಲಿದು, ಎರಡು ದಿನಗಳಲ್ಲಿ ಕೈಗವಸನ್ನು ಮುಗಿಸಿದರು. ಗಂಡನಿಗೆ ಹೇಳದೆ ಅವರು ಮಾಡಿದ ಕೆಲಸ, ನಾನು ಕಂಡಂತೆ, ಇದೊಂದೇ. ಬಯಲಿನಲ್ಲಿ ಅದನ್ನು ಕಂಡು ಮೊದಲನೆಯ ಚೀಲದಲ್ಲಿ ನಿಲ್ಲುತ್ತಿದ್ದ ಚೌಡಪ್ಪ, “ಏನ್ ಭಟ್ರೇ, ಕೈಗೆ ಸಂಚಿ ಕಟ್ಕಂಡ್ ಬಂದೀರಿ? ಎಲೆ ಅಡಿಕೆ ಇದ್ರೆ ನಂಗೊಂದು ಕೊಡ್ರಿ” ಎಂದು ಕಾಡಿದ. ಆದರೆ ಗವಸು ಚೆಂಡನ್ನು ಹಿಡಿಯಿತು, ದಿನದಿನವೂ ಹಿಡಿಯಿತು. ಪ್ರತಿ ಸಲ ಹಿಡಿದಾಗಲೂ ಕಾಣದ ಅಜ್ಜನ ಆಸನಕ್ಕೆ ಪೆಟ್ಟು ಕೊಟ್ಟೆನೆಂಬ ಅಳುಕು, ದೊಡ್ಡಪ್ಪನಿಗೆ ತಿಳಿದ ದಿನ ಆ ಮನೆಯಲ್ಲಿ ನನ್ನ ಊಟದ ಎಲೆ ಇರುವುದಿಲ್ಲವೆಂಬ ಭಯ.

ಮಳೆಗಾಲಕ್ಕೆ ಮುಂಚೆ ಸಾಗರದ ಹುಡುಗರ ತಂಡವೊಂದು ಬಸ್ಸಿನಲ್ಲಿ ಬಂತು. ಅಲ್ಲಿಯೂ ಸಾಹೇಬನ ಸ್ನೇಹಿತನೊಬ್ಬ ಆಟ ಕಲಿಸಿದ್ದ. ಕೊನೆಯ ಸರದಿಯ ಹೊತ್ತಿಗೆ ಎರಡು ಕಡೆಯ ಓಟಗಳೂ ಸಮನಾಗಿದ್ದವು. ಅವರ ಓಟಗಾರನೊಬ್ಬ ನನ್ನ ಚೀಲದ ಮೇಲೇ ಒಂದು ಕಾಲಿಟ್ಟು ಮನೆಯತ್ತ ನೋಡುತ್ತಿದ್ದ. ಚೆಂಡು ನನ್ನ ಕಡೆ ಬಂದರೆ, ಹಿಡಿದು ಮನೆಗೆ ಎಸೆಯಬೇಕು, ಅಷ್ಟೆ. ಹೊಡೆತಗಾರ ಬೀಸಿದ ಕ್ಷಣದಲ್ಲೇ, ನನ್ನ ಮಗ್ಗುಲಿನ ಬೇಲಿಯ ಆಚೆ ದಾರಿಯಲ್ಲಿ ದೊಡ್ಡಪ್ಪ ನಿಂತಿರುವುದು ನನಗೆ ಕಂಡಿತು. ಬಯಲಿನ ಕಡೆ ಎಂದೂ ಸುಳಿಯದವರು, ಶಾಲು ಹೊದ್ದು, ಕೊಡೆಯನ್ನು ಊರಿಕೊಂಡು, ನೆಟ್ಟ ದೃಷ್ಟಿಯಿಂದ ನನ್ನನ್ನೇ ನೋಡುತ್ತಿದ್ದರು. ನನ್ನ ಎಡಗೈ ನನ್ನನ್ನು ಕೇಳದೆ ಬೆನ್ನ ಹಿಂದೆ ಸರಿಯಿತು. ಚೆಂಡು ಸೊಂಟದ ಪಕ್ಕದಲ್ಲೇ ಹಾದು, ಬೇಲಿಯ ಕೆಳಗೆ ನುಸುಳಿ, ಅವರ ಕಾಲ ಬಳಿ ನಿಂತಿತು. ಓಟಗಾರ ನಡೆದುಕೊಂಡೇ ಮನೆ ಸೇರಿದ. ದೊಡ್ಡಪ್ಪ ಬಗ್ಗಿ ಚೆಂಡನ್ನೆತ್ತಿ, ಶಾಲಿನಿಂದ ಮಣ್ಣು ಒರೆಸಿ, ಅಲ್ಲಿಗೆ ಬಂದ ನನ್ನ ಬಲಗೈಗೆ ಬೇಲಿಯ ಮೇಲಿಂದ ಕೊಟ್ಟರು.

ಮನೆಯ ದಾರಿಯಲ್ಲಿ ನಾನು ತಲೆ ತಗ್ಗಿಸಿ ಎರಡು ಹೆಜ್ಜೆ ಹಿಂದೆಯೇ ನಡೆದೆ. ಕೆರೆಯ ಏರಿ ದಾಟಿದ ಮೇಲೆ ಅವರು ತಿರುಗಿ ನೋಡದೆಯೇ ಹೇಳಿದರು: “ಪೆಟ್ಟಿಗೆ ತೆಗೆದದ್ದು ನಂಗೆ ಮೊದಲ್ನೇ ದಿನವೇ ಗೊತ್ತಾಯ್ದು ಮಾಣಿ. ಅಪ್ಪಯ್ಯನ ಆಸನ ಚೆಂಡು ಹ್ಯಾಂಗೆ ಹಿಡೀತು ನೋಡನ ಹೇಳಿ ನಾನೇ ಬಂದಿದ್ದಿ.” ನಾನು ಅಳತೊಡಗಿದೆ. ಇನ್ನೊಂದು ದಿನ ಬರುವೆನೆಂದೂ, ಆಗ ಹಿಡಿದು ತೋರಿಸಬೇಕೆಂದೂ ಸಮಾಧಾನ ಹೇಳಿದರು. ಬೈದಿದ್ದರೆ ನನ್ನ ಭಾರ ಅಲ್ಲಿಗೇ ಇಳಿಯುತ್ತಿತ್ತೇನೋ.

ಆ ಇನ್ನೊಂದು ದಿನ ಬರಲಿಲ್ಲ. ಮಳೆ ಹಿಡಿಯಿತು, ಸಾಹೇಬ ತನ್ನ ದೇಶಕ್ಕೆ ಮರಳಿದ, ಚೀಲಗಳ ಮರಳು ಬಯಲಿನಲ್ಲಿ ಕರಗಿತು. ದೊಡ್ಡಪ್ಪ ಶ್ರಾವಣದಲ್ಲಿ ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಮಳೆ ನಿಂತು ಹೊಳವಾಗಿದ್ದ ಒಂದು ಸಂಜೆ ಅವರೇ ಆಟದ ಮಾತೆತ್ತಿದರು. ನಾನು ಓಡಿಹೋಗಿ ಚೌಡಪ್ಪನನ್ನು ಕರೆತಂದೆ. ಅವನು ಅಂದು ಒಂದೂ ತಮಾಷೆ ಮಾಡಲಿಲ್ಲ. ಮಂಚವನ್ನು ಕಿಟಕಿಯ ಬಳಿಗೆ ಸರಿಸಿದೆವು, ಆದರೆ ಅಷ್ಟರಲ್ಲಿ ಅವರ ಕಣ್ಣು ಮಂಜಾಗಿ, ಎದುರಿನವರ ಮುಖವೂ ತಿಳಿಯದಂತಾಗಿತ್ತು. ಹಿತ್ತಿಲಿನ ಕೆಸರಿನಲ್ಲಿ ನಿಂತು ಚೌಡಪ್ಪ ತನ್ನ ಬಲವನ್ನೆಲ್ಲ ಹಾಕಿ ಎಸೆದ. ನಾನು ಚೆಂಡನ್ನು ನೋಡುವುದನ್ನು ಬಿಟ್ಟು ಕಿಟಕಿಯನ್ನು ನೋಡಿದೆ. ಚೆಂಡು ಗವಸಿನ ಅಂಚಿಗೆ ತಾಗಿ ಕೆಸರಿಗೆ ಬಿತ್ತು.

ಒಳಗಿನಿಂದ ದೊಡ್ಡಪ್ಪನ ಕ್ಷೀಣ ಧ್ವನಿ ಕೇಳಿತು. “ಹಿಡಿದ್ನನೇ?”

ಕಿಟಕಿಯ ಸರಳು ಹಿಡಿದು ಎಲ್ಲವನ್ನೂ ಕಂಡಿದ್ದ ದೊಡ್ಡಮ್ಮ, “ಹಿಡ್ದ” ಎಂದರು.

ದೊಡ್ಡಪ್ಪ ಕೈಗಳನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು, ಜಪ ಮುಗಿದಾಗ ಮುಚ್ಚುತ್ತಿದ್ದಂತೆ. ಚೌಡಪ್ಪ ಚೆಂಡನ್ನೆತ್ತಿ ಮತ್ತೆ ಎಸೆಯಲು ಕೈ ಮೇಲೆತ್ತಿದ. ನಾನು ಬೇಡವೆಂದು ತಲೆಯಾಡಿಸಿದೆ. ಹಿಡಿದೆನೆಂದು ಅವರು ನಂಬಿದ ಮೇಲೆ ಹಿಡಿಯುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.