ಎಡಗೈ ಕಾಫಿ

ಇಳಕಲ್ಲಿನಲ್ಲಿ ಯಾರ ಮನೆಗೆ ಹೋದರೂ ಚಹಾ. ನಮ್ಮ ಮನೆಯಲ್ಲಿ ಮಾತ್ರ ಬೆಳಿಗ್ಗೆ ಕಾಫಿ, ಅದೂ ನನ್ನ ಗಂಡ ಮಾಡಿದ್ದು. ನಾನು ಗುಡೂರಿನ ಶಾಲೆಯಲ್ಲಿ ಶಿಕ್ಷಕಿ, ಎಂಟೂಕಾಲಿನ ಬಸ್ಸಿಗೆ ಓಡುವವಳು. ಅವರು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಸಹಾಯಕರು, ಹತ್ತಕ್ಕೆ ಹೊರಟರೆ ನಡೆಯುತ್ತಿತ್ತು. ಮದುವೆಯಾದ ಮರುವಾರವೇ "ನೀ ಬುತ್ತಿ ಕಟ್ಟು, ಕಾಫಿ ನಾ ನೋಡ್ತೀನಿ" ಅಂದವರು ಇಪ್ಪತ್ತೆರಡು ವರ್ಷ ಆ ಮಾತು ತಪ್ಪಲಿಲ್ಲ. ಆ ಕಾಫಿಗೆ ಹೆಸರಿಡುವುದನ್ನು ನಾನೂ ಇಪ್ಪತ್ತೆರಡು ವರ್ಷ ತಪ್ಪಿಸಲಿಲ್ಲ. ಒಂದು ದಿನ ಬರೀ ನೀರು, ಇನ್ನೊಂದು ದಿನ ಸಕ್ಕರೆ ಪಾಕ. "ಲ್ಯಾಬಿನಾಗಿನ ಆಸಿಡ್ ತಂದು ಹಾಕೀರೇನು?" ಎಂದು ಕೇಳಿದ್ದೂ ಉಂಟು. ನನ್ನ ನಾಲಿಗೆ ಮೊದಲಿನಿಂದಲೂ ಖಾರ. ಬೈಯುತ್ತಲೇ ಲೋಟದ ತಳ ಕಾಣುವವರೆಗೆ ಕುಡಿಯುತ್ತಿದ್ದೆ.

ಕಳೆದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಾಗಲಕೋಟೆಯ ದವಾಖಾನೆಯಿಂದ ಮನೆಗೆ ಬರುವ ಹೊತ್ತಿಗೆ ಮಾತು ಮರಳಿತ್ತು, ಕಾಲೂ ಮುಕ್ಕಾಲು ಪಾಲು ಮರಳಿತ್ತು. ಬಲಗೈ ಮಾತ್ರ ಬೇರೆ ಯಾರದೋ ಎಂಬಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಎರಡನೆಯ ವಾರ ಎಡಗೈಯಿಂದ ಫಿಲ್ಟರಿಗೆ ಕುದಿನೀರು ಸುರಿಯಲು ಹೋಗಿ ಪಾದ ಸುಟ್ಟುಕೊಂಡರು. ಇನ್ನು ಅಡಿಗೆಮನೆಗೆ ಕಾಲಿಡಕೂಡದೆಂದು ನಾನೇ ಕಟ್ಟಪ್ಪಣೆ ಮಾಡಿದೆ. ಕಾಫಿ ನಾನೇ ಮಾಡಿ ಕೊಡುತ್ತಿದ್ದೆ, ಅವರು ಅರ್ಧ ಕುಡಿದು ಇಟ್ಟುಬಿಡುತ್ತಿದ್ದರು.

ಆ ತಿಂಗಳುಗಳಲ್ಲಿ ನನ್ನ ನಾಲಿಗೆಯೂ ಕೆಟ್ಟಿತು. ಅವರು ಅಂಗಿಯ ಗುಂಡಿ ಹಾಕಿಕೊಂಡರೆ "ಭಾಳ ಛಲೋ ಆತು", ನಾಲ್ಕು ಹೆಜ್ಜೆ ನಡೆದರೆ "ಶಾಬಾಸ್". ಒಂದನೆಯ ತರಗತಿಯ ಮಕ್ಕಳಿಗೆ ಹೇಳುವ ಧಾಟಿ. ನೋಡಲು ಬಂದವರೂ ಅವರ ಎದುರಿಗೇ ನನ್ನನ್ನು ಕೇಳುತ್ತಿದ್ದರು: "ಈಗ ಹ್ಯಾಂಗದಾರ್ರಿ?" ಅವರು ಗೋಡೆ ನೋಡುತ್ತ ಕೂತಿರುತ್ತಿದ್ದರು. ಮನೆಯಲ್ಲಿ ಜಗಳವೇ ನಿಂತುಹೋಯಿತು. ನನಗೆ ಲಕ್ವಾಕ್ಕಿಂತ ಆ ಜಗಳವಿಲ್ಲದ ಮನೆಯ ಹೆದರಿಕೆಯೇ ಹೆಚ್ಚಾಯಿತು.

ಕಾಫಿ ಮತ್ತೆ ಅವರೇ ಮಾಡುವಂತಾಗಬೇಕು ಎನಿಸಿತು. ಆಗ ಹೊಳೆದದ್ದು ಎಸ್ಪ್ರೆಸೊ ಯಂತ್ರ. ನೀರು ಅದರೊಳಗೇ ಕಾದು, ಒತ್ತಡದಿಂದ ಪುಡಿಯೊಳಗೆ ನುಗ್ಗಿ, ಗಟ್ಟಿ ಕಾಫಿಯಾಗಿ ಇಳಿಯುತ್ತದೆ. ಕುದಿನೀರು ಸುರಿಯುವ ಗೊಡವೆಯಿಲ್ಲ. ಗುಡೂರಿನ ಬಸ್ಸಿನಲ್ಲಿ ಹೋಗುತ್ತ ಬರುತ್ತ ವಿಡಿಯೊ ನೋಡಿ ಒಂದನ್ನು ಆರಿಸಿದೆ. ಪುಡಿ ತುಂಬಿಯೇ ಬರುವ ಪುಟ್ಟ ಡಬ್ಬಿಯನ್ನು ಒಳಗಿಟ್ಟು ಗುಂಡಿ ಒತ್ತಿದರೆ ಮುಗಿಯಿತು. ಇಷ್ಟು ಸಲೀಸಾದದ್ದು ಸಿಕ್ಕಿತಲ್ಲ ಎಂದು ಹಿಗ್ಗಿ ಅವರಿಗೆ ತೋರಿಸಿದೆ.

"ಗುಂಡಿ ಒತ್ತಲಿಕ್ಕೆ ನಾ ಏನ ಲಿಫ್ಟಿನಾಂವ ಏನು?" ಅಂದರು.

ದವಾಖಾನೆಯಿಂದ ಬಂದ ಮೇಲೆ ಅವರು ಆಡಿದ ಮೊದಲ ಕೊಂಕು ಮಾತು ಅದು. ಸಿಟ್ಟು ಬರಬೇಕಾಗಿತ್ತು, ಕಣ್ಣಲ್ಲಿ ನೀರು ಬಂತು. ಮೊಬೈಲನ್ನು ಅವರ ಕೈಗೇ ಕೊಟ್ಟುಬಿಟ್ಟೆ.

ಮುಂದಿನ ಹದಿನೈದು ದಿನ ಆರಿಸುವ ಕೆಲಸ ಅವರದು. ಹಿಡಿಕೆಯಿರುವ ಯಂತ್ರವೇ ಬೇಕೆಂದರು. ಪುಡಿ ತೂಗಬೇಕು, ಹಿಡಿಕೆಯ ಬಟ್ಟಲಿಗೆ ತುಂಬಬೇಕು, ಅದುಮಬೇಕು, ಯಂತ್ರಕ್ಕೆ ಸಿಕ್ಕಿಸಿ ತಿರುವಬೇಕು. ಬೀಜ ಬೀಸಲು ನಮ್ಮ ಮಿಕ್ಸರ್ ಸಾಕಲ್ಲ ಎಂದೆ. "ಅದು ಬೀಸೂದಿಲ್ಲ, ಕೊಚ್ಚತದ. ಅರ್ಧ ಹಿಟ್ಟು, ಅರ್ಧ ನುಚ್ಚು. ಯಂತ್ರ ಸಾದಾ ಇದ್ರೂ ನಡೀತದ, ಬೀಸೂದು ಮಾತ್ರ ಛಲೋ ಇರಬೇಕು" ಎಂದು ನನಗೇ ಪಾಠ ಮಾಡಿದರು. ಕೈಯಿಂದ ತಿರುವುವ ಗ್ರೈಂಡರ್ ಅಗ್ಗವಾಗಿತ್ತು. ಆದರೆ ಒಂದು ಕೈ ಹಿಡಿಯಬೇಕು, ಇನ್ನೊಂದು ತಿರುವಬೇಕು. ಆ ಚಿತ್ರವನ್ನು ಅವರು ಬೇಗ ಸರಿಸಿದರು, ನಾನೂ ನೋಡದವಳಂತೆ ಇದ್ದೆ. ಕೊನೆಗೆ ಹಿಟ್ಟಿನ ಗಿರಣಿಯ ಕಲ್ಲಿನಂತೆ ಒಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳ ಕರೆಂಟಿನ ಗ್ರೈಂಡರ್, ಜೊತೆಗೆ ಇದ್ದುದರಲ್ಲೇ ಸಣ್ಣದೊಂದು ಯಂತ್ರ ತರಿಸಿದೆವು.

ಯಂತ್ರ ಬಂದ ದಿನವೇ ಎಡಗೈಯಿಂದ ಹಿಡಿಕೆ ಸಿಕ್ಕಿಸಿ ತಿರುವಿದರು. ಹಿಡಿಕೆಯ ಜೊತೆಗೆ ಇಡೀ ಯಂತ್ರವೇ ತಿರುಗಿ ಗೋಡೆಗೆ ಮುಖ ಮಾಡಿತು. ಹಗುರ ಯಂತ್ರ; ಅದನ್ನು ಒತ್ತಿ ಹಿಡಿಯಲು ಮತ್ತೊಂದು ಕೈ ಬೇಕು. ನಾವಿಬ್ಬರೂ ಇದನ್ನು ಯೋಚಿಸಿರಲೇ ಇಲ್ಲ. ನಾನು ಹಿಡಿಯಲು ಹೋದರೆ "ಬ್ಯಾಡ" ಅಂದರು. ಮೂರು ಸಲ ನೋಡಿ, "ವಾಪಸ್ ಕಳಿಸಿಬಿಡು" ಎಂದು ಹೋಗಿ ಮಂಚದ ಮೇಲೆ ಮಲಗಿದರು.

ಮರುದಿನ ಬಸ್ ಸ್ಟ್ಯಾಂಡಿನ ದಾರಿಯಲ್ಲಿರುವ ಗ್ರಾನೈಟ್ ಅಂಗಡಿಯವನ ಮುಂದೆ ನಿಂತೆ. ನಮ್ಮ ಅಡಿಗೆಮನೆಯ ಕಟ್ಟೆಗೆ ಕಲ್ಲು ಹಾಸಿದವನು ಅವನೇ. ಯಂತ್ರ ಅಲುಗದಂತೆ ಒಂದು ಭಾರದ ಕಲ್ಲು ಬೇಕು ಎಂದೆ. "ಸಂಜೀಕ ಬರ್ತೇನ್ರಿ ಅಕ್ಕೋರ. ಜಾಗಾ ನೋಡದ ಕಲ್ಲ ಕೊರ್ಯಾಂಗಿಲ್ಲ ನಾ" ಅಂದ.

ಬಂದವನು ನನ್ನನ್ನು ಏನೂ ಕೇಳಲಿಲ್ಲ. ನೆಟ್ಟಗೆ ಮಂಚದ ಹತ್ತಿರ ಹೋಗಿ, "ಸರ, ಒಮ್ಮಿ ತಿರುವಿ ತೋರಸ್ರಿ. ಯಾ ಕಡೆ ಜಗ್ಗತೈತಿ ನೋಡಬೇಕ" ಅಂದ. ಅವರು ಎದ್ದು ಬಂದರು. ಯಂತ್ರ ಮತ್ತೆ ಗೋಡೆಯ ಕಡೆ ತಿರುಗಿತು. ಅವನು ಅಯ್ಯೋ ಪಾಪ ಅನ್ನಲಿಲ್ಲ, "ಇನ್ನೊಮ್ಮಿ" ಅಂದ. ನಾಲ್ಕು ಕಾಲುಗಳ ಗುರುತನ್ನು ಹಾಳೆಯ ಮೇಲೆ ಬರೆದುಕೊಂಡ. ಕಲ್ಲಿನಲ್ಲಿ ಆ ಕಾಲು ಕೂಡ್ರುವ ಕುಳಿ ಎಷ್ಟು ಆಳ ಇರಬೇಕೆಂದು ಇಬ್ಬರೂ ಅರ್ಧ ತಾಸು ವಾದ ಮಾಡಿದರು. "ಅದು ತಪ್ಪರಿ ಸರ" ಎಂದು ಅವನು ಹೇಳಿದ್ದು ಕೇಳಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಷ್ಟು ತಿಂಗಳಲ್ಲಿ ನನ್ನ ಗಂಡನಿಗೆ ತಪ್ಪು ಎಂದವನು ಅವನೊಬ್ಬನೇ. ಅವರ ಮುಖ ಮೊದಲಿನ ಹಾಗಾಗಿತ್ತು. ನನಗೆ ನಾಚಿಕೆಯಾಯಿತು.

ಎರಡು ದಿನಕ್ಕೆ ಕೆಂಪು ಕಲ್ಲು ಬಂತು, ಯಂತ್ರದ ಕಾಲು ಕೂಡ್ರಲು ನಾಲ್ಕು ಕುಳಿ ಕೊರೆದದ್ದು. ಅಮೀನಗಡದಿಂದ ತರಿಸಿದ ಸಿಹಿ ಕರದಂಟಿನ ಡಬ್ಬಿ ಅವನ ಕೈಯಲ್ಲಿಟ್ಟೆ. ಇಂದಿಗೂ ಅವನ ಅಂಗಡಿ ದಾಟುವಾಗ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಮರುದಿನ ಬೆಳಿಗ್ಗೆ ನಾನು ಹಾಲು ಕಾಯಿಸಿಟ್ಟು ಕುರ್ಚಿಯಲ್ಲಿ ಕೂತೆ. ನೆರವಿಗೆ ಹೋಗದಂತೆ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡೆ. ಅವರು ಬೀಜ ತೂಗಿದರು, ಬೀಸಿದರು. ಬಲಗೈಯನ್ನು ಎಡಗೈಯಿಂದ ಎತ್ತಿ ಬಟ್ಟಲಿನ ಪುಡಿ ಅದುಮುವ ಲೋಹದ ಗುಂಡಿನ ಮೇಲಿಟ್ಟು, ಅದರ ಮೇಲೆ ಎಡಗೈ ಇಟ್ಟು ಒತ್ತಿದರು. ಹಿಡಿಕೆ ಸಿಕ್ಕಿಸಿ ತಿರುವಿದರು. ಕಲ್ಲು ಅಲುಗಲಿಲ್ಲ. ಕಾಫಿ ತೆಳ್ಳಗೆ, ಸರಸರನೆ ಇಳಿಯಿತು. ಹಾಲು ಬೆರೆಸಿದ ಲೋಟವನ್ನು ತಂದು ನನ್ನ ಬುತ್ತಿಯ ಪಕ್ಕ ಇಟ್ಟರು, ಇಪ್ಪತ್ತೆರಡು ವರ್ಷ ಇಟ್ಟ ಜಾಗದಲ್ಲೇ. ಗಡಿಯಾರದಲ್ಲಿ ಎಂಟೂ ಹತ್ತಾಗಿತ್ತು.

ಒಂದು ಗುಟುಕು ಕುಡಿದೆ. ಹಲ್ಲು ಜುಮ್ಮೆನ್ನುವಷ್ಟು ಹುಳಿ. "ಭಾಳ ಛಲೋ ಆಗ್ಯದ" ಎಂಬ ಮಾತು ತುಟಿಯವರೆಗೂ ಬಂದಿತ್ತು. ಕಲ್ಲಿನವನು ನೆನಪಾದ.

"ಏನ್ರೀ ಇದು? ಹುಣಸಿಹಣ್ಣು ಕಿವುಚೀರೇನು? ಮನಷ್ಯಾರು ಕುಡಿಯೂ ಹಂಗದೇನು ಇದು?"

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕರು. ಬಾಯಿ ಇನ್ನೂ ತುಸು ಓರೆಯಾಗಿತ್ತು, ಓರೆಯಾಗಿಯೇ ಭುಜ ಕುಣಿಯುವಂತೆ ನಕ್ಕರು.

"ದಪ್ಪ ಬೀಸೇನಿ, ಅದಕ್ಕ ಹುಳಿ. ನಾಳೆ ಗ್ರೈಂಡರ್ ಎರಡು ಗೆರಿ ತಿರುವಿ ಸಣ್ಣ ಬೀಸ್ತೀನಿ. ನೀ ಏಳು, ಬಸ್ ಹೋಗತದ."

"ಹೋಗ್ಲಿ ಬಿಡ್ರಿ" ಅಂದೆ. ಕೂತು, ಬೈಯುತ್ತ ಬೈಯುತ್ತ, ಲೋಟದ ತಳ ಕಾಣುವವರೆಗೆ ಕುಡಿದೆ.