ದೊಡ್ಡಪ್ಪನ ಐದು ಗಂಟೆಯ ಹಾಡು

ನಮ್ಮ ದೊಡ್ಡಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಆಪರೇಟರ್ ಆಗಿ ಸೇರಿ, ಹಟ ಹಿಡಿದು ಪರೀಕ್ಷೆ ಬರೆದು, ಸ್ಕ್ರೂಡ್ರೈವರ್ ಹಿಡಿಯುವ ಹುದ್ದೆಗೆ ಏರಿದಳು. ಬಂಧುಬಳಗದಲ್ಲಿ ಯಾರ ಮನೆಯ ಮಿಕ್ಸಿ ಕೆಟ್ಟರೂ ಮೊದಲ ಫೋನು ಅವಳಿಗೇ. ದೊಡ್ಡಪ್ಪ ಬಸ್ ಡ್ರೈವರಾಗಿದ್ದವನು. ಜಗಳವಾದಾಗ ಇವಳು "ಲೈನ್ ಕಟ್" ಅಂದರೆ ಅವನು "ರೈಟ್ ರೈಟ್" ಅಂದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದ.

ಒಂದೂವರೆ ವರ್ಷದ ಹಿಂದೆ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಮಾತು ಬೇಗ ಮರಳಿತು, ಎಡಗಾಲು ಮರಳಲಿಲ್ಲ. ಅಷ್ಟು ವರ್ಷ ಕ್ಲಚ್ ತುಳಿದ ಕಾಲು ನೆಲಕ್ಕೆ ಅಂಟಿಕೊಂಡು ನಿಂತುಬಿಡುತ್ತಿತ್ತು. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಒಂದು ದಿನ ಮೊಬೈಲಿನಲ್ಲಿ ಗಟ್ಟಿ ತಾಳದ ಹಾಡು ಹಾಕಿ, "ಇದರ ಜೊತೆಗೇ ಹೆಜ್ಜೆ ಹಾಕಿ ಅಂಕಲ್" ಅಂದಳು. ನೆಲಕ್ಕಂಟಿದ ಕಾಲು ಎದ್ದು ಬಂತು. ದೊಡ್ಡಮ್ಮ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮರುವಾರವೇ ಅವಳು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರನ್ನು ಕೆಲಸಕ್ಕೆ ಹಚ್ಚಿದಳು. ದೊಡ್ಡಪ್ಪ ಜೀವಮಾನವಿಡೀ ಕೂಡಿಟ್ಟ ಹಾಡುಗಳನ್ನೆಲ್ಲ ಅದರೊಳಗೆ ತುಂಬಿಸಿದಳು. ಮಲಗುವ ಕೋಣೆ, ಹಾಲ್, ಅಡುಗೆಮನೆ, ಮೂರೂ ಕಡೆ ಸ್ಪೀಕರ್ ಇಟ್ಟಳು. ಕಂಪ್ಯೂಟರಿನಿಂದ ಹೊರಟ ಹಾಡು ಮೂರರಲ್ಲೂ ಒಂದೇ ಕ್ಷಣಕ್ಕೆ ಕೇಳಬೇಕು, ಹೊಸ್ತಿಲು ದಾಟುವಾಗ ತಾಳ ತಪ್ಪಬಾರದು. ಬೆಳಗ್ಗೆ ಏಳಕ್ಕೆ, ಸಂಜೆ ಐದಕ್ಕೆ ದೊಡ್ಡಪ್ಪ ಹಾಡು ಹಿಡಿದು ಮನೆ ಸುತ್ತುತ್ತಿದ್ದ.

ಹೀಗಿರುವಾಗ ಕಂಪ್ಯೂಟರ್ ವರಾತ ಶುರು ಮಾಡಿತು. ಅದರ ಆಪರೇಟಿಂಗ್ ಸಿಸ್ಟಮ್ ಹಳತಾಗಿದೆ, ಮುಂದಿನ ತಿಂಗಳಿನಿಂದ ಹಾಡಿನ ಪ್ರೋಗ್ರಾಂ ಇದರ ಮೇಲೆ ನಡೆಯುವುದಿಲ್ಲ ಎಂದು ದಿನಾ ಪರದೆಯ ಮೇಲೆ ಬರತೊಡಗಿತು. ದೊಡ್ಡಮ್ಮ ಕಂಪ್ಯೂಟರ್ ಅಂಗಡಿಗೆ ಹೋದಳು.

"ಎರಡು ದಿನ ಬಿಟ್ಟು ಹೋಗಿ ಆಂಟಿ," ಅಂದ ಅಂಗಡಿಯವನು. "ಎಲ್ಲಾ ಅಳಿಸಿ ಹೊಸದು ಹಾಕಿಕೊಡ್ತೀನಿ."

"ಎರಡು ದಿನ ಬಿಡೋಕೆ ಆಗಲ್ಲಪ್ಪ. ಸಂಜೆ ಐದಕ್ಕೆ ಹಾಡು ಬೇಕೇ ಬೇಕು."

"ಹಾಡು ಎರಡು ದಿನ ಇಲ್ದಿದ್ರೆ ಪ್ರಪಂಚ ಮುಳುಗುತ್ತಾ?"

ಅವನಿಗೆ ವಿವರಿಸುವ ಗೋಜಿಗೆ ಹೋಗದೆ ಅವಳು ಮನೆಗೆ ಬಂದು, ಮಧ್ಯಾಹ್ನ ಎರಡಕ್ಕೆ ತಾನೇ ಪರದೆಯ ಮೇಲಿನ 'ಹೊಸದಕ್ಕೆ ಬದಲಾಯಿಸಿ' ಗುಂಡಿ ಒತ್ತಿದಳು. 'ನೀವು ನೆಮ್ಮದಿಯಾಗಿರಿ, ಎಲ್ಲಾ ನಾವು ನೋಡಿಕೊಳ್ಳುತ್ತೇವೆ' ಎಂದಿತು ಪರದೆ. ಅದನ್ನು ನಂಬಿದ್ದೇ ತಪ್ಪಾಯಿತು. ಶೇಕಡಾ ಮೂವತ್ತೊಂದಕ್ಕೆ ಬಂದು ಕೂತದ್ದು ಅಲ್ಲಾಡಲಿಲ್ಲ. ಮೂರಾಯಿತು, ನಾಲ್ಕಾಯಿತು, ಐದೂ ಆಯಿತು. ಹಾಡಿಲ್ಲದೆಯೇ ಎದ್ದ ದೊಡ್ಡಪ್ಪ ಕೋಣೆಯ ಬಾಗಿಲ ಚೌಕಟ್ಟು ಹಿಡಿದು ನಿಂತ. ಎಡಗಾಲು ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

"ಬ್ರೇಕ್ ಜಾಮ್ ಆಯ್ತು ಕಣೇ," ಅಂದ. ನಗಲು ನೋಡುತ್ತಾ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದ.

ದೊಡ್ಡಮ್ಮನ ಹಳೆಯ ಗುಂಡಿ ಫೋನಿನಲ್ಲಿ ಹಾಡು ಬರುತ್ತಿರಲಿಲ್ಲ. ಅವಳು ಸ್ಟೀಲ್ ತಟ್ಟೆಯನ್ನೂ ಸೌಟನ್ನೂ ತಂದಳು. ಠಣ್ ಠಣ್ ಎಂದು ತಾಳ ಕುಟ್ಟುತ್ತಾ, ಅಪಸ್ವರದಲ್ಲಿ ಹಾಡುತ್ತಾ, ಗಂಡನ ಮುಂದೆ ಹಿಮ್ಮುಖವಾಗಿ ನಡೆದಳು. ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು. ಅವಳು ತಿರುಗಿಯೂ ನೋಡಲಿಲ್ಲ. ಆರು ಗಂಟೆಯ ಹೊತ್ತಿಗೆ ಕಂಪ್ಯೂಟರ್ ಹೊಸದನ್ನು ಕೈಬಿಟ್ಟು ತಾನಾಗಿ ಹಳೆಯ ಸ್ಥಿತಿಗೆ ಮರಳಿತು.

ಮರುದಿನ ನನಗೆ ಫೋನ್ ಮಾಡಿದಳು. ನಾನು ಅವಳ ತಂಗಿಯ ಮಗಳು, ಎರಡು ಬೀದಿ ಆಚೆಯ ಮನೆ.

"ನಾನು ಕತ್ತೆ ಕೆಲಸ ಮಾಡ್ದೆ ಮಗಳೇ. ನಮ್ಮ ಎಕ್ಸ್‌ಚೇಂಜ್ ಹೊಸದಕ್ಕೆ ಬದಲಾದಾಗ ಆರು ಸಾವಿರ ಲೈನ್ ಇತ್ತು. ಹಳೇ ತಂತಿ ಕತ್ತರಿಸಿ ಆಮೇಲೆ ಹೊಸದು ಹಾಕಿದ್ವಾ? ಇಲ್ಲ. ಹಳೇದು ಮಾತಾಡ್ತಾ ಇರೋವಾಗ್ಲೇ ಪಕ್ಕದಲ್ಲಿ ಹೊಸದು ಕಟ್ಟಿದ್ವಿ. ಇಷ್ಟು ಗೊತ್ತಿದ್ದೂ ಗುಂಡಿ ಒತ್ತಿದ್ನಲ್ಲ!"

ಈ ಸಲ ಅವಳು ನೋಟ್‌ಪುಸ್ತಕ ತೆಗೆದಳು. ಎಡಪುಟದಲ್ಲಿ ಮಾಡಬೇಕಾದ ಕೆಲಸ, ಬಲಪುಟದಲ್ಲಿ ಅದು ಕೈಕೊಟ್ಟರೆ ಏನು ಗತಿ. ಬಲಪುಟ ತುಂಬದ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಮೊದಲ ದಿನ ಹಾಡುಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅಲ್ಲಲ್ಲಿ ಹಾಕಿ ಕೇಳಿ ನೋಡಿದಳು. ಎರಡನೆಯ ದಿನ ಬೆಳಗಿನ ನಡಿಗೆ ಮುಗಿದ ಮೇಲೆ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಹಳೆಯ ಡಿಸ್ಕನ್ನು ಹೊರಗೆ ತೆಗೆದು ಬಟ್ಟೆಯಲ್ಲಿ ಸುತ್ತಿಟ್ಟಳು. ಅದರ ಜಾಗಕ್ಕೆ ಹೊಸ ಖಾಲಿ ಡಿಸ್ಕ್ ಹಾಕಿ, ಹೊಸ ಸಿಸ್ಟಮನ್ನು ಅದರ ಮೇಲೆ ಕೂರಿಸಿದಳು. ಹಳೆಯದನ್ನು ಮುಟ್ಟಲೇ ಇಲ್ಲ.

"ಇಂಜಿನ್ ಇಳಿಸಿಬಿಟ್ಯಾ?" ಅಂದ ದೊಡ್ಡಪ್ಪ, ಕುರ್ಚಿಯಿಂದ ಕತ್ತು ಉದ್ದ ಮಾಡಿ.

"ಸಂಜೆ ಟ್ರಿಪ್ಪಿಗೆ ಬಸ್ ಬರುತ್ತೆ ರೀ, ಸುಮ್ನಿರಿ."

ನಾಲ್ಕಕ್ಕೆ ಸರಿಯಾಗಿ ಹಳೆಯ ಡಿಸ್ಕ್ ಮತ್ತೆ ಒಳಗೆ ಹೋಯಿತು. ಐದಕ್ಕೆ ಎಂದಿನಂತೆ ಹಾಡು ಬಂತು.

ಮೂರನೆಯ ದಿನ ಹೊಸ ಡಿಸ್ಕಿನಲ್ಲಿ ಹಾಡಿನ ಪ್ರೋಗ್ರಾಂ ಹಾಕಿ, ಹಾಡುಗಳ ನಕಲು ತುಂಬಿಸಿದಾಗ ಮಲಗುವ ಕೋಣೆ ಹಾಡಿತು, ಹಾಲ್ ಹಾಡಿತು, ಅಡುಗೆಮನೆ ಮಾತ್ರ ತುಟಿ ಬಿಚ್ಚಲಿಲ್ಲ. ಹೊಸ ಸಿಸ್ಟಮ್ ಕೆಟ್ಟಿದೆಯೋ, ಸ್ಪೀಕರ್ ಸತ್ತಿದೆಯೋ ತಿಳಿಯಲಿಲ್ಲ. ಹಳೆಯ ಡಿಸ್ಕ್ ಹಾಕಿದರೆ ಅದೇ ಸ್ಪೀಕರ್ ಸಲೀಸಾಗಿ ಹಾಡಿತು. ಅದೇ ಯೋಚನೆಯಲ್ಲಿ ದೊಡ್ಡಮ್ಮ ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದಳು.

ನಾಲ್ಕನೆಯ ದಿನ ನಾನೂ ಹೋದೆ. ಮಧ್ಯಾಹ್ನ ಮೂರೂವರೆ ಆಗಿತ್ತು. ಹೊಸ ಡಿಸ್ಕ್ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂತಿದ್ದಳು.

"ಈ ಮೂರರಲ್ಲಿ ಅಡುಗೆಮನೇದೇ ಹಳೇ ಮಾಲು," ಅಂದಳು. "ಉಳಿದೆರಡು ಕಂಪ್ಯೂಟರ್ ಎಲ್ಲಿದೆ ಅಂತ ತಾವೇ ಹುಡುಕ್ಕೊಂಡು ಬರ್ತವೆ. ಇದಕ್ಕೆ ಆ ಬುದ್ಧಿ ಇಲ್ಲ..." ತಟ್ಟನೆ ನಿಲ್ಲಿಸಿದಳು. "ನಂಬರ್!"

"ಯಾವ ನಂಬರ್ ದೊಡ್ಡಮ್ಮ?"

"ಮನೆಯೊಳಗಿನ ಜಾಲದಲ್ಲಿ ಪ್ರತಿ ಯಂತ್ರಕ್ಕೂ ಒಂದು ನಂಬರ್ ಇರುತ್ತೆ. ಹಳೇ ಸಿಸ್ಟಮ್ಮಿಗೆ ನಾನೇ ಒಂದು ಕೊಟ್ಟಿದ್ದೆ. ಹೊಸದು ತನಗೆ ಬೇಕಾದ್ದು ತಗೊಂಡಿದೆ. ಈ ಪೆದ್ದು ಇನ್ನೂ ಹಳೇ ನಂಬರಿಗೇ ಫೋನ್ ಮಾಡ್ತಾ ಕೂತಿದೆ! ಎತ್ತೋರು ಯಾರು?"

ಹೊಸ ಸಿಸ್ಟಮ್ಮಿಗೆ ಹಳೆಯ ನಂಬರನ್ನೇ ಬರೆದು, ಕಂಪ್ಯೂಟರ್ ಆರಿಸಿ ಹಚ್ಚಿದಳು. ನಾನು ಅಡುಗೆಮನೆಯಲ್ಲಿ ಸ್ಪೀಕರಿಗೆ ಕಿವಿಯಿಟ್ಟು ನಿಂತೆ. ಮೊದಲು ಒಂದು ಸಣ್ಣ 'ಟಕ್'. ಆಮೇಲೆ ನಗಾರಿ ನನ್ನ ಕಿವಿಯೊಳಗೇ ಬಡಿದಂತೆ ಹಾಡು ಹೊಮ್ಮಿತು. "ಬಂತು!" ಎಂದು ಕಿರುಚಿದೆ. ಅರವತ್ತಮೂರರ ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಿಬಂದು ನನ್ನನ್ನು ತಬ್ಬಿಕೊಂಡಳು. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ ಬಾಕಿಯಿತ್ತು. ಅಂದು ಹಳೆಯ ಡಿಸ್ಕ್ ಬಟ್ಟೆಯೊಳಗೇ ಉಳಿಯಿತು.

ಐದಕ್ಕೆ ದೊಡ್ಡಪ್ಪ ಎದ್ದ. ಕೋಣೆ ದಾಟಿದ, ಹಾಲ್ ದಾಟಿದ, ಅಡುಗೆಮನೆಯ ಹೊಸ್ತಿಲಲ್ಲಿ ಎಡಗಾಲು ತಾಳಕ್ಕೆ ಸರಿಯಾಗಿ ಎದ್ದು ಆಚೆ ಬಿತ್ತು. ನಾವಿಬ್ಬರೂ ಆ ಕಾಲನ್ನೇ ನೋಡುತ್ತಿದ್ದೆವು.

"ಏನು ಇಬ್ರೂ ಹಾಗೆ ಕಣ್ಣು ಬಿಡ್ತಿದೀರಾ? ಆ ಹೊಸದನ್ನ ಯಾವಾಗ ಹಾಕ್ತೀಯೇ?"

"ಹಾಕಿ ಆಯ್ತು ರೀ. ನೀವು ನಡೀತಿರೋದು ಅದರ ಮೇಲೇ."

ದೊಡ್ಡಪ್ಪ ಒಂದು ಕ್ಷಣ ಅವಳ ಮುಖ ನೋಡಿದ. ಮೆಲ್ಲಗೆ ಬಲಗೈ ಹಣೆಗೆ ಎತ್ತಿ ಸಲ್ಯೂಟ್ ಹೊಡೆದ. ಹಾಡು ಜೋರಾಗಿತ್ತು. ಅಂದು ಅವನು ಅಡುಗೆಮನೆಯಿಂದ ಹಿಂದಿರುಗಲಿಲ್ಲ. ಹಿತ್ತಿಲ ಬಾಗಿಲು ತೆಗೆಸಿ, ಒಂದೊಂದೇ ಮೆಟ್ಟಿಲು ಇಳಿದು, ಬಟ್ಟೆ ಒಣಹಾಕುವ ತಂತಿಯವರೆಗೆ ಹೋಗಿ ಅದನ್ನು ಮುಟ್ಟಿ ಬಂದ.

ಅವನು ಕೂತು ಬೆವರು ಒರೆಸಿಕೊಳ್ಳುವಾಗ ದೊಡ್ಡಮ್ಮ ಕಂಪ್ಯೂಟರಿನ ಮುಂದೆ ಹೋದಳು. ತಾಳವೇ ಇಲ್ಲದ, ನಡೆಯಲು ಏನೇನೂ ಉಪಯೋಗವಿಲ್ಲದ ನಿಧಾನದ ಆಲಾಪವೊಂದನ್ನು ಹುಡುಕಿದಳು. ಅವಳಿಗೆ ತುಂಬ ಇಷ್ಟವಾದದ್ದು, ಒಂದೂವರೆ ವರ್ಷದಿಂದ ಕೇಳಿರಲಿಲ್ಲವಂತೆ. ಮೂರೂ ಸ್ಪೀಕರುಗಳ ಶಬ್ದವನ್ನು ತುದಿಯವರೆಗೆ ಏರಿಸಿ, ಹಾಲ್‌ನ ಸೋಫಾದ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿದಳು.

"ಕಾಫಿ ಯಾರಾದ್ರೂ ಮಾಡ್ಕೊಳ್ಳಿ," ಅಂದಳು. "ನನಗೂ ಒಂದು ಲೋಟ."